ನಿರ್ಬಂಧವೂ ಚಲಚಿತ್ರ ಕಲೆಯೂ: ಮೋರನಾಳದ ಪರದೆ ಕಲಿಸುವ ಪಾಠ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಿಗೆ ಚಲಚಿತ್ರವು ಕಾಲಿಡುವುದಕ್ಕೆ ಬಹುಕಾಲ ಮೊದಲೇ ಅಲ್ಲಿಯ ಜನರು ಬೆಳಕಿನ ಪರದೆಯ ಮೇಲೆ ರಾಮಾಯಣವನ್ನೂ ಮಹಾಭಾರತವನ್ನೂ ಕಂಡಿದ್ದರು. ಅದೇ ಶಿಳ್ಳೇಕ್ಯಾತರ ತೊಗಲುಗೊಂಬೆಯಾಟ. ಕೊಪ್ಪಳ ತಾಲ್ಲೂಕಿನ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಏಳು ದಶಕಗಳಿಗೂ ಮಿಕ್ಕಿ ಈ ಆಟವನ್ನು ಆಡಿದವರು. ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಅವರಿಗೆ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು.

ಈ ಆಟಕ್ಕೆ ಬೇಕಾದ ಸಾಮಗ್ರಿ ಬಲು ಸ್ವಲ್ಪ: ಒಂದು ಬಿಳಿಯ ಬಟ್ಟೆ, ಒಂದು ದೀಪ, ಹದಗೊಳಿಸಿದ ತೊಗಲಿನ ಬೊಂಬೆಗಳು. ಇಷ್ಟರಲ್ಲಿಯೇ ಲಂಕೆಯು ಉರಿಯಬೇಕು, ಸಮುದ್ರಕ್ಕೆ ಸೇತುವೆಯಾಗಬೇಕು. ಇಂತಹ ಕಟ್ಟುನಿಟ್ಟಾದ ಮಿತಿಯು ಕಲೆಗೆ ಅಡ್ಡಿಯಾಗುವುದೆಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ಕೆಲವೊಮ್ಮೆ ಅಡ್ಡಿಯೇ ಹೊಸ ದಾರಿಯನ್ನು ತೋರಿಸಿಕೊಡುವುದುಂಟು. ಅದು ಹೇಗೆಂಬುದನ್ನು ತೊಗಲುಬೊಂಬೆಯಿಂದ ಆರಂಭಿಸಿ ಚಲಚಿತ್ರದವರೆಗೆ ಈ ಲೇಖನದಲ್ಲಿ ವಿಚಾರಮಾಡೋಣ.

ನೆರಳಿನ ನಿಯಮ

ಮೊದಲು ಒಂದು ಚಿಕ್ಕ ಪ್ರಯೋಗ. ಗೋಡೆಯಿಂದ 100 ಸೆಂಟಿಮೀಟರ್ ದೂರದಲ್ಲಿ ಒಂದು ದೀಪವನ್ನಿಟ್ಟು, ನಡುವೆ ರಟ್ಟಿನ ತುಂಡೊಂದನ್ನು ಹಿಡಿಯಿರಿ. ರಟ್ಟು ದೀಪದಿಂದ 50 ಸೆಂ.ಮೀ. ದೂರದಲ್ಲಿದ್ದರೆ ನೆರಳು ರಟ್ಟಿನ ಎರಡರಷ್ಟಾಗುವುದು. ದೀಪದಿಂದ ಗೋಡೆಗಿರುವ ದೂರವನ್ನು ದೀಪದಿಂದ ರಟ್ಟಿಗಿರುವ ದೂರದಿಂದ ಭಾಗಿಸಿದರೆ ನೆರಳು ಎಷ್ಟು ಪಟ್ಟು ದೊಡ್ಡದೆಂಬುದು ತಿಳಿಯುತ್ತದೆ.

ಆದರೆ ಹಿಗ್ಗಿದ ಈ ನೆರಳಿನ ಅಂಚು ಮಸುಕಾಗಿರುವುದನ್ನೂ ಗಮನಿಸಬೇಕು. ದೀಪವು ಒಂದು ಬಿಂದುವಲ್ಲ, ಅದಕ್ಕೆ ಅಗಲವಿದೆ. ದೀಪದ ಒಂದು ಭಾಗದ ಬೆಳಕು ಮಾತ್ರ ತಲುಪುವ ಎಡೆಯಲ್ಲಿ ಅರೆನೆರಳು ಉಂಟಾಗುತ್ತದೆ. ದೀಪದ ಅಗಲವು 4 ಸೆಂ.ಮೀ. ಇದ್ದರೆ, ಮೇಲಿನ ಸಂದರ್ಭದಲ್ಲಿ ಅರೆನೆರಳಿನ ಅಗಲವೂ 4 ಸೆಂ.ಮೀ. ಆಗುವುದು. ಅದೇ ರಟ್ಟನ್ನು ಗೋಡೆಯಿಂದ ಕೇವಲ 5 ಸೆಂ.ಮೀ. ದೂರಕ್ಕೆ ತಂದರೆ ಅದು ಸುಮಾರು 2 ಮಿಲಿಮೀಟರಿಗೆ ಇಳಿಯುತ್ತದೆ.

ಬೊಂಬೆಯವರು ಬೊಂಬೆಯನ್ನು ಪರದೆಗೆ ಒತ್ತಿ ಹಿಡಿಯುವುದರ ಗುಟ್ಟು ಇದೇ. ಆದರೆ ಹಾಗೆ ಒತ್ತಿ ಹಿಡಿದಾಗ ಆಕೃತಿಯನ್ನು ಹಿಗ್ಗಿಸುವ ಅನುಕೂಲವು ಕೈತಪ್ಪುತ್ತದೆ. ಆದುದರಿಂದ ದೊಡ್ಡದಾಗಿ ಕಾಣಬೇಕಾದ ಪಾತ್ರಕ್ಕೆ ದೊಡ್ಡ ಬೊಂಬೆಯನ್ನೇ ಮಾಡಬೇಕಾಯಿತು. ಈ ಮಿತಿಯನ್ನೇ ಕಲಾವಿದರು ಅರ್ಥವುಳ್ಳದ್ದಾಗಿ ಮಾಡಿಕೊಂಡರು. ಪಾತ್ರದ ಅಂತಸ್ತಿಗೆ ತಕ್ಕಂತೆ ಬೊಂಬೆಯ ಗಾತ್ರವನ್ನು ಗೊತ್ತುಪಡಿಸಿದರು. ತೊಗಲು ಚಪ್ಪಟೆಯಾದುದರಿಂದ ಬಹುಪಾಲು ಮುಖಗಳನ್ನು ಪಕ್ಕದಿಂದ ಕಾಣುವಂತೆ ಕತ್ತರಿಸಿದರು. ಹಾಗಾದಾಗ ಮೂಗು, ತುಟಿ, ಗಲ್ಲಗಳ ರೇಖೆಯು ದೂರದಿಂದಲೂ ಸ್ಪಷ್ಟವಾಗಿ ಕಾಣುವುದು. ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಬಣ್ಣ ಹಚ್ಚಿದುದರಿಂದ ಕಪ್ಪು ನೆರಳಿನ ಬದಲು ಬಣ್ಣದ ಚಿತ್ರವು ಮೂಡಿತು. ಒಡವೆಗಳನ್ನು ಬರೆಯುವುದಕ್ಕೆ ಬದಲಾಗಿ ಸಣ್ಣ ರಂಧ್ರಗಳನ್ನು ಕೊರೆದರು. ಹಿಂದಿನ ದೀಪದ ಬೆಳಕೇ ಅವುಗಳಲ್ಲಿ ಮಣಿಗಳಾಗಿ ಹೊಳೆಯಿತು. ಬೊಂಬೆಯ ಮುಖಭಾವವು ಬದಲಾಗಲಾರದು; ಆ ಕೊರತೆಯನ್ನು ಆಡಿಸುವವರ ಕಂಠವೂ ಹಾಡೂ ತುಂಬಿಕೊಟ್ಟವು.

ಮುಗಿಲಿಲ್ಲದ ಅಂಗಳ

ಇನ್ನು ಚಲಚಿತ್ರಕ್ಕೆ ಬರೋಣ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ ಚಿತ್ರವು 1956ರಲ್ಲಿ ತೆರೆಗೆ ಬಂದಿತು. ಅದರಲ್ಲಿ ಕಾಶಿಯ ಮನೆಯೊಂದರ ಒಳ ಅಂಗಳದ ದೃಶ್ಯಗಳಿವೆ. ಮಳೆಗಾಲದ ಭಯದಿಂದ ಆ ಅಂಗಳವನ್ನು ಸ್ಟುಡಿಯೊದ ಒಳಗೆಯೇ ಕಟ್ಟಬೇಕಾಯಿತು. ನಿಜವಾದ ಅಂಗಳಕ್ಕೆ ಬೆಳಕು ಬರುವುದು ಮೇಲಿನ ತೆರೆದ ಮುಗಿಲಿನಿಂದ. ಅಲ್ಲಿ ಗಡುಸಾದ ನೆರಳು ಬೀಳುವುದಿಲ್ಲ. ಸ್ಟುಡಿಯೊದ ದೀಪಗಳೋ ಪ್ರತಿಯೊಂದು ವಸ್ತುವಿಗೂ ಕಡುನೆರಳನ್ನು ಅಂಟಿಸುತ್ತವೆ.

ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿದರು. ಬಟ್ಟೆಯಿಂದ ಚದರಿ ಮರಳಿದ ಬೆಳಕು ಮುಗಿಲಿನ ಬೆಳಕಿನಂತೆಯೇ ಮೃದುವಾಗಿ ಇಳಿಯಿತು. ನಮ್ಮ ಪ್ರಯೋಗದ ನಿಯಮವೇ ಇಲ್ಲಿಯೂ ಇದೆ: ಬೆಳಕಿನ ಮೂಲವು ಅಗಲವಾದಷ್ಟೂ ಅರೆನೆರಳು ಹರಡಿಕೊಳ್ಳುತ್ತದೆ. ಮೋರನಾಳದ ಪರದೆಯಲ್ಲಿ ಮಸುಕು ದೋಷವಾಗಿತ್ತು. ಕಾಶಿಯ ಅಂಗಳದಲ್ಲಿ ಅದೇ ಗುಣವಾಯಿತು.

ಎರಡು ಕನ್ನಡಿಗಳು

ಮೈಸೂರಿನಲ್ಲಿ 1923ರಲ್ಲಿ ಜನಿಸಿದ ವಿ. ಕೆ. ಮೂರ್ತಿಯವರು ಇದಕ್ಕೆ ಪ್ರತಿಯಾದ ತೊಡಕನ್ನು ಎದುರಿಸಿದರು. ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದ ಒಂದು ಹಾಡಿಗೆ, ಕತ್ತಲೆಯಾದ ಸ್ಟುಡಿಯೊದಲ್ಲಿ ಮೇಲಿನಿಂದ ಇಳಿಯುವ ಬೆಳಕಿನ ಕಂಬವೊಂದು ಬೇಕಾಗಿತ್ತು. ಹತ್ತಿರದ ದೀಪದ ಕಿರಣಗಳು ದೂರ ಹೋದಂತೆ ಅಗಲಿಕೊಳ್ಳುತ್ತವೆ, ಕಂಬವಾಗಬೇಕಾದದ್ದು ಬೀಸಣಿಗೆಯಾಗುತ್ತದೆ. ಸೂರ್ಯನಾದರೋ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ನಮಗೆ ಅವನ ಬಿಂಬವು ಸುಮಾರು ಅರ್ಧ ಡಿಗ್ರಿಯಷ್ಟೇ ಅಗಲ. ಆದುದರಿಂದ ಅವನ ಬೆಳಕಿನ ಕಂಬವು 10 ಮೀಟರ್ ಸಾಗಿದರೂ ಒಟ್ಟು 9 ಸೆಂಟಿಮೀಟರಿನಷ್ಟು ಮಾತ್ರ ಅಗಲಿಸುತ್ತದೆ.

ಮೂರ್ತಿಯವರು ಸೂರ್ಯನನ್ನೇ ಒಳಗೆ ಕರೆತಂದರು! ದೊಡ್ಡ ಕನ್ನಡಿಯೊಂದು ಹೊರಗಿನ ಬಿಸಿಲನ್ನು ಇನ್ನೊಂದು ಕನ್ನಡಿಗೆ ಕೊಟ್ಟಿತು. ಆ ಎರಡನೆಯದು ಅದನ್ನು ರಂಗದ ಮೇಲೆ ಇಳಿಸಿತು. ಇದು ಕೇಳಲು ಸುಲಭ. ಆದರೆ ಸೂರ್ಯನು ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತಾನೆ. ಅಂದರೆ ನಾಲ್ಕೇ ನಿಮಿಷಗಳಲ್ಲಿ, 10 ಮೀಟರ್ ದೂರಕ್ಕೆ ಬೀಳುವ ಬೆಳಕು ಒಂದು ಗೇಣಿಗೆ ಸಮೀಪವಾಗುವಷ್ಟು ಜರುಗಿಬಿಡಬಹುದು. ಕಂಬವನ್ನು ಬಯಸಿದೆಡೆಯಲ್ಲಿ ನಿಲ್ಲಿಸಬೇಕಾದರೆ ಕನ್ನಡಿಯನ್ನು ಮತ್ತೆ ಮತ್ತೆ ತಿರುಗಿಸಿ ಸರಿಪಡಿಸಬೇಕು. ಮುಂದೆ ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಲಭಿಸಿತು. ಆ ಗೌರವವನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ.

ತಾನೇ ಹಾಕಿಕೊಂಡ ಕಟ್ಟು

ಮೇಲಿನ ನಿರ್ಬಂಧಗಳು ವಸ್ತುವಿನಿಂದಲೋ ಸ್ಥಳದಿಂದಲೋ ಬಂದವು. ಕಲಾವಿದನು ತಾನಾಗಿಯೇ ಹಾಕಿಕೊಳ್ಳುವ ನಿರ್ಬಂಧವೂ ಉಂಟು. ಸಿಂಗೀತಂ ಶ್ರೀನಿವಾಸರಾಯರ ‘ಪುಷ್ಪಕ ವಿಮಾನ’ (1987) ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಅದು ಮೂಕಚಿತ್ರಗಳ ಕಾಲದ ಚಿತ್ರವಲ್ಲವಷ್ಟೆ. ಸದ್ದುಗಳೂ ಸಂಗೀತವೂ ಅದರಲ್ಲಿವೆ. ಮಾತನ್ನು ಮಾತ್ರ ಬಿಡಲಾಗಿದೆ.

ಇದರಿಂದ ಏನಾಯಿತೆಂಬುದನ್ನು ನೋಡಿ. ಕಥಾನಾಯಕನು ಚಿತ್ರಮಂದಿರದ ಗದ್ದಲದ ಪಕ್ಕದಲ್ಲಿ ವಾಸಿಸಿ ರೂಢಿಯಾದ ಬಡ ನಿರುದ್ಯೋಗಿ. ದೊಡ್ಡ ಹೋಟೆಲಿನ ನಿಶ್ಶಬ್ದವಾದ ಕೋಣೆಯಲ್ಲಿ ಅವನಿಗೆ ನಿದ್ರೆ ಬಾರದು. ಕೊನೆಗೆ ಆ ಹಳೆಯ ಗದ್ದಲವನ್ನೇ ಧ್ವನಿಸುರುಳಿಯಲ್ಲಿ ಹಿಡಿದು ತಂದು, ಅದನ್ನು ಕೇಳುತ್ತ ಮಲಗುತ್ತಾನೆ. ಬಡವನಿಗೆ ಸಿರಿಯು ಒಗ್ಗದೆಂಬುದನ್ನು ಹೇಳಲು ಇನ್ನೊಬ್ಬರು ಒಂದು ಪುಟದ ಮಾತನ್ನು ಬರೆಯುತ್ತಿದ್ದರೇನೋ. ಇಲ್ಲಿ ಒಂದು ಸದ್ದು ಆ ಕೆಲಸವನ್ನು ಮಾಡಿತು.

ಇದಕ್ಕೆ ಕಾರಣವೇನು?

ಎಲ್ಲವೂ ಕೈಗೆಟಕುವಂತಿದ್ದಾಗ ಮನಸ್ಸು ರೂಢಿಯ ದಾರಿಯನ್ನೇ ಹಿಡಿಯುವುದು ಸ್ವಾಭಾವಿಕ. ಆ ದಾರಿ ಮುಚ್ಚಿದಾಗ ಎರಡು ಸಂಗತಿಗಳು ನಡೆಯುತ್ತವೆ. ಮೊದಲನೆಯದಾಗಿ, ‘ಏನು ಮಾಡಲಿ?’ ಎಂಬ ಮಸಕಾದ ಪ್ರಶ್ನೆಯು ‘ಮುಗಿಲಿಲ್ಲದೆ ಮುಗಿಲಿನ ಬೆಳಕನ್ನು ಹೇಗೆ ತರಲಿ?’ ಎಂಬ ಖಚಿತವಾದ ಪ್ರಶ್ನೆಯಾಗುತ್ತದೆ. ಖಚಿತವಾದ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭ. ಎರಡನೆಯದಾಗಿ, ಕೈಯಲ್ಲಿರುವ ವಸ್ತುವಿನ ಸ್ವಭಾವವನ್ನು ಆಳವಾಗಿ ಪರೀಕ್ಷಿಸಬೇಕಾಗುತ್ತದೆ. ಬಟ್ಟೆಯು ಬೆಳಕನ್ನು ಚದರಿಸುವುದೂ, ಕನ್ನಡಿಯು ಅದನ್ನು ಚದರದಂತೆ ಮರಳಿಸುವುದೂ ಎಲ್ಲರಿಗೂ ತಿಳಿದ ವಿಷಯಗಳೇ. ತೊಡಕು ಬಂದಾಗ ಅವು ಉಪಾಯಗಳಾದವು.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿರಲಾರೆವು. ನಿರ್ಬಂಧವೇ ಬೇರೆ, ಅಭಾವವೇ ಬೇರೆ. ತೊಗಲು ಚಪ್ಪಟೆಯಾಗಿರುವುದು ನಿರ್ಬಂಧ. ಆಡಿಸುವವನ ಮನೆಯಲ್ಲಿ ಒಲೆ ಹೊತ್ತದಿರುವುದು ಅಭಾವ. ಮೊದಲನೆಯದು ಕಲೆಯನ್ನು ಬೆಳೆಸೀತು. ಎರಡನೆಯದು ಕಲಾವಿದನನ್ನು ಕೂಲಿಗೆ ಕಳುಹಿಸಿ ಬೊಂಬೆಗಳನ್ನು ಪೆಟ್ಟಿಗೆಯಲ್ಲಿ ಹುಳು ಹಿಡಿಸುತ್ತದೆ. ಚಲಚಿತ್ರವೂ ದೂರದರ್ಶನವೂ ಬಂದ ಮೇಲೆ ತೊಗಲುಗೊಂಬೆಯಾಟಕ್ಕೆ ಪ್ರೇಕ್ಷಕರು ವಿರಳರಾದರು. ‘ಕಷ್ಟದಲ್ಲಿಯೇ ಕಲೆ ಹುಟ್ಟುವುದು’ ಎಂದು ನಾವು ಹಾಯಾಗಿ ಕುಳಿತು ನುಡಿದರೆ ಅದು ಆ ಕುಟುಂಬಗಳಿಗೆ ಮಾಡಿದ ಅನ್ಯಾಯವಾದೀತು. ಮೂರ್ತಿಯವರ ಹಿಂದೆ ಒಂದು ಸ್ಟುಡಿಯೊ ಇತ್ತು. ಭೀಮವ್ವನವರ ಹಿಂದೆ ತಲೆಮಾರುಗಳ ವಿದ್ಯೆ ಇತ್ತು. ಬಲವಾದ ಬೇರಿರುವ ಗಿಡಕ್ಕೆ ಮಾತ್ರ ಕತ್ತರಿಯು ಹಿತವನ್ನು ಮಾಡುತ್ತದೆ.

ವಿದ್ಯಾರ್ಥಿಗಳಿಗೆ ಅಭ್ಯಾಸ

ಇಂದು ಅನೇಕರ ಕೈಯಲ್ಲಿ ಕ್ಯಾಮರಾವುಳ್ಳ ಮೊಬೈಲ್ ಫೋನು ಇದೆ. ಅದರಿಂದ ಮೂರು ನಿಮಿಷಗಳ ಚಿತ್ರವೊಂದನ್ನು ತೆಗೆಯಿರಿ. ಆದರೆ ಪ್ರತಿಯೊಬ್ಬರೂ ಒಂದೊಂದು ಕಟ್ಟುಪಾಡಿಗೆ ಒಳಪಟ್ಟಿರಬೇಕು. ಗಂಗಾವತಿಯವರು ಅಕ್ಕಿ ಗಿರಣಿಯ ಒಂದು ದಿನವನ್ನು ಮಾತಿಲ್ಲದೆ, ಸದ್ದುಗಳಿಂದಲೇ ತಿಳಿಸಲಿ. ಕುಷ್ಟಗಿಯವರು ಬಸ್ ನಿಲ್ದಾಣದಲ್ಲಿ ಕ್ಯಾಮರಾವನ್ನು ಒಂದೇ ಕಡೆ ಇಟ್ಟು, ಕದಲಿಸದೆ ಒಂದು ಕಥೆಯನ್ನು ಹೇಳಲಿ. ಯಲಬುರ್ಗಾದವರು ರಾತ್ರಿ ಒಂದೇ ದೀಪವನ್ನೂ ಒಂದು ಬಿಳಿಯ ಪಂಚೆಯನ್ನೂ ಉಪಯೋಗಿಸಲಿ. ಕೊಪ್ಪಳದವರು ಮುಖವನ್ನು ತೋರಿಸದೆ, ಕೈಗಳ ಚಲನೆಯಿಂದಲೇ ಕಿನ್ನಾಳದ ಬೊಂಬೆ ಮಾಡುವವರ ಕೆಲಸವನ್ನು ಪರಿಚಯಿಸಲಿ.

ಮುಗಿದ ಮೇಲೆ ಎಲ್ಲರೂ ಕೂಡಿ ನೋಡಿ, ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ಕಟ್ಟು ಇಲ್ಲದಿದ್ದರೆ ನಮಗೆ ಹೊಳೆಯದೆ ಹೋಗುತ್ತಿದ್ದದ್ದು ಯಾವುದು? ಉತ್ತರವಾಗಿ ಒಂದೇ ಒಂದು ದೃಶ್ಯವು ದೊರೆತರೂ ಅಭ್ಯಾಸವು ಫಲಿಸಿತೆಂದು ತಿಳಿಯಬಹುದು. ಸಾಧ್ಯವಾದರೆ, ಆ ಚಿತ್ರಗಳನ್ನು ತೆಗೆಯುವ ಮೊದಲು ಒಂದು ರಾತ್ರಿ ತೊಗಲುಗೊಂಬೆಯಾಟದ ಮುಂದೆ ಕುಳಿತು ಬನ್ನಿರಿ. ಅದರಿಂದ ನಿಮಗೆ ಪಾಠವೂ ಆಟದವರಿಗೆ ಪ್ರೇಕ್ಷಕರೂ ದೊರೆತಂತಾಗುವುದು.