ಬಡ್ಡಿಯಿಲ್ಲದ ಕಂತಿನ ಬಡ್ಡಿ

ಪಟ್ಟಿಯಲ್ಲಿ 72,000 ರೂಪಾಯಿ ಇದ್ದ ಒಂದು ಅನಲಾಗ್ ಸಿಂಥಸೈಜರನ್ನು ಕಳೆದ ವರ್ಷ 67,500ಕ್ಕೆ ಕೊಂಡೆ. ನಾಲ್ಕು ಧ್ವನಿ, 37 ಕೀ, ಒಳಗೊಂದು ಸೀಕ್ವೆನ್ಸರ್. ಕಂಪನಿಯ ಹೆಸರು ಹೇಳಿದರೆ ಜಾಹೀರಾತಾದೀತು, ಬೇಡ. ಉಳಿತಾಯ ಮಾಡಿ ಅಂತ ಊರಿಗೆಲ್ಲ ಬುದ್ಧಿ ಹೇಳುವವಳು ಹೀಗೆ ಮಾಡಬಹುದೇ ಎಂಬ ಪ್ರಶ್ನೆ ಮೊದಲು ಎದ್ದದ್ದು ಮನೆಯೊಳಗೇ. "ಅತ್ತಿಗೆ, ಈ ದುಡ್ಡಿಗೆ ಒಂದು ಜೊತೆ ಓಲೆ ಬರ್ತಿತ್ತಲ್ಲ?" ಅಂದಳು ನಾದಿನಿ. ಬರುತ್ತಿತ್ತು. ಅದರ ಬಿಲ್ಲಿನಲ್ಲಿ ಮಜೂರಿ, ವೇಸ್ಟೇಜು, ಶೇ 3ರ ಜಿಎಸ್‌ಟಿ ಎಲ್ಲ ಇರುತ್ತಿತ್ತು. ನಾದ ತಿದ್ದುವ ಫಿಲ್ಟರ್ ಮಾತ್ರ ಇರುತ್ತಿರಲಿಲ್ಲ.

ಕೊಂಡದ್ದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು, ಅಂಗಡಿಯ ಹುಡುಗ ಕೊನೆಯವರೆಗೂ ನನಗೆ ಅಂಟಿಸಲು ನೋಡಿದ ಇನ್ನೊಂದು ಸರಕಿನ ಬಗ್ಗೆ. "ಯಾಕೆ ಮೇಡಂ ಒಟ್ಟಿಗೇ ಕೊಡ್ತೀರ? ನೋ ಕಾಸ್ಟ್ ಇಎಂಐ ಇದೆ. ತಿಂಗಳಿಗೆ ಆರು ಸಾವಿರ, ಹನ್ನೆರಡು ತಿಂಗಳು. ಒಂದು ಪೈಸೆ ಬಡ್ಡಿ ಇಲ್ಲ." ಹನ್ನೆರಡಾರಲಿ ಎಪ್ಪತ್ತೆರಡು, ಮಗ್ಗಿ ಸರಿಯಾಗಿಯೇ ಇತ್ತು. "ಪೂರ್ತಿ ದುಡ್ಡು ಈಗಲೇ ಯುಪಿಐ ಮಾಡಿದ್ರೆ ಎಷ್ಟಕ್ಕೆ ಕೊಡ್ತೀಯಪ್ಪ?" ಅಂದೆ. ಒಳಗೆ ಹೋಗಿ ಓನರ್ ಹತ್ತಿರ ಮಾತಾಡಿ ಬಂದ. 67,500.

ಆ 4,500 ಎಲ್ಲಿತ್ತು? ಕಂತಿನ ಬಡ್ಡಿಯಲ್ಲಿತ್ತು. ಸ್ವಲ್ಪ ತಾಳ್ಮೆ ಇಟ್ಟುಕೊಂಡು ಈ ಲೆಕ್ಕ ನೋಡಿ. ಬ್ಯಾಂಕು ಯಾರಿಗೂ ಬಿಟ್ಟಿ ಸಾಲ ಕೊಡುವುದಿಲ್ಲ. ಕಾರ್ಡಿನ ಇಎಂಐಗೆ ಅದರ ದರ ವರ್ಷಕ್ಕೆ ಶೇ 16, ಅಂದರೆ ತಿಂಗಳಿಗೆ 1.33. ತಿಂಗಳಿಗೆ ಆರು ಸಾವಿರದಂತೆ ಹನ್ನೆರಡು ಕಂತಿನಲ್ಲಿ ತೀರುವ ಸಾಲದ ಅಸಲು ಈ ದರದಲ್ಲಿ 72,000 ಅಲ್ಲ, 66,130. ಮಿಕ್ಕ 5,870 ಬಡ್ಡಿ. ಆ ಬಡ್ಡಿಯಷ್ಟನ್ನು ಅಂಗಡಿಯವರೋ ಕಂಪನಿಯವರೋ 'ರಿಯಾಯಿತಿ' ಅಂತ ಬಿಲ್ಲಿನಲ್ಲಿ ಮೊದಲೇ ಕಳೆದುಬಿಡುತ್ತಾರೆ. ನೀವು ಕಟ್ಟುವ ಮೊತ್ತ ಪಟ್ಟಿಯ ಬೆಲೆಗೆ ಸರಿಹೋಗುತ್ತದೆ, ನಿಮಗೆ ಏನೂ ಕಾಣುವುದಿಲ್ಲ. ಕಾಣುವುದು ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ. ಬ್ಯಾಂಕಿನ ಪುಸ್ತಕದಲ್ಲಿ ಅದು ಬಡ್ಡಿಯೇ ಆದ್ದರಿಂದ ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. 5,870ಕ್ಕೆ 1,057. ಪ್ರಾಸೆಸಿಂಗ್ ಫೀ 299, ಅದಕ್ಕೂ ತೆರಿಗೆ ಸೇರಿ 353. ಒಟ್ಟು ನೀವು ಕೊಟ್ಟದ್ದು 73,410.

ಈಗ ನಗದು ಬೆಲೆಯನ್ನು ಪಕ್ಕಕ್ಕಿಡಿ. 73,410ರಲ್ಲಿ 67,500 ಕಳೆದರೆ 5,910. ಇದನ್ನು ನೋಡಿ ಹೆಚ್ಚಿನವರು 67,500ಕ್ಕೆ ಭಾಗಿಸಿ "ಶೇ 9 ಕೂಡ ಆಗಲಿಲ್ಲ, ಪರವಾಗಿಲ್ಲ" ಅನ್ನುತ್ತಾರೆ. ಇಲ್ಲಿಯೇ ಲೆಕ್ಕ ತಪ್ಪುವುದು. 67,500 ರೂಪಾಯಿ ಇಡೀ ವರ್ಷ ನಿಮ್ಮ ಕೈಯಲ್ಲಿರಲಿಲ್ಲ. ಮೊದಲ ತಿಂಗಳು ಪೂರ್ತಿ ಇತ್ತು, ಕೊನೆಯ ತಿಂಗಳು ಹನ್ನೆರಡರಲ್ಲೊಂದು ಪಾಲು ಇತ್ತು. ಸರಾಸರಿ ತೆಗೆದರೆ ವರ್ಷವಿಡೀ ನಿಮ್ಮ ಮೇಲಿದ್ದ ಸಾಲ ಸುಮಾರು 36,560. ಅದಕ್ಕೆ 5,910 ಅಂದರೆ ಶೇ 16ರ ಆಸುಪಾಸು. ಬ್ಯಾಂಕು ತನ್ನ ದರವನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ, ವಸೂಲಿಗೆ ನಿಮ್ಮ ರಿಯಾಯಿತಿಯ ಜೇಬಿಗೆ ಕೈ ಹಾಕಿದೆ, ಅಷ್ಟೇ.

"ಆದರೆ ನನ್ನ ದುಡ್ಡು ಲಿಕ್ವಿಡ್ ಫಂಡಿನಲ್ಲಿ ದುಡಿಯುತ್ತಿರುತ್ತದಲ್ಲ" ಎನ್ನುವ ಜಾಣರಿದ್ದಾರೆ. ದುಡಿಯಲಿ. ಶೇ 7 ಅಂತಲೇ ಹಿಡಿಯೋಣ. ಅದೇ 36,560ರ ಮೇಲೆ 2,560 ಬರುತ್ತದೆ, ಶೇ 30ರ ಸ್ಲ್ಯಾಬಿನಲ್ಲಿದ್ದರೆ ತೆರಿಗೆ, ಸೆಸ್ ಕಳೆದು 1,760. ಆ 1,760 ಗಳಿಸಲು 5,910 ಕೊಟ್ಟ ಹಾಗಾಯಿತು.

ಇದು ನನ್ನೊಬ್ಬಳ ಸಿಡುಕಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಕ್ರೆಡಿಟ್ ಕಾರ್ಡಿನ ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಪ್ರಾಸೆಸಿಂಗ್ ಫೀ ಮರೆಯಲ್ಲಿ ಗ್ರಾಹಕರಿಗೆ ದಾಟಿಸಲಾಗುತ್ತಿದೆ ಎಂದು 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕು ಉಳಿದ ಬ್ಯಾಂಕುಗಳಿಗೆ ಬರೆದಿತ್ತು. ಆ ಸರಕು ಈಗ ರಿಯಾಯಿತಿಯ ವೇಷ ಹಾಕಿಕೊಂಡು ಬಂದಿದೆ. ನಗದಿಗೂ ಕಂತಿಗೂ ನಿಜವಾಗಿಯೂ ಒಂದೇ ಬೆಲೆ ಹೇಳುವ ಅಂಗಡಿ ಇದ್ದರೆ ತೆಗೆದುಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಕೇಳಿ ನೋಡಿ. ಸಂಗೀತದ ಅಂಗಡಿಯಲ್ಲಿ ಚೌಕಾಸಿ ಮಾಡಲು ನಾಚುವವರೇ ಹೆಚ್ಚು. ಅವರೇ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ಐದು ನಿಮಿಷ ವಾದ ಮಾಡುತ್ತಾರೆ.

ಹಾಗಾದರೆ ಆ ಸಿಂಥ್ ನನಗೆ ಬಿದ್ದದ್ದೆಷ್ಟು? 67,500 ಅಲ್ಲ. ಕೊಂಡದ್ದಕ್ಕೂ ಮಾರಿದ್ದಕ್ಕೂ ನಡುವಿನ ಅಂತರವನ್ನಷ್ಟೇ ನಾನು ಖರ್ಚು ಎಂದು ಬರೆಯುತ್ತೇನೆ. ಆ ಬೆಲೆಯೊಳಗೆ 10,297 ರೂಪಾಯಿ ಜಿಎಸ್‌ಟಿ. ಅಂಗಡಿಯ ಮೆಟ್ಟಿಲಿಳಿದ ಕೂಡಲೇ ಅದು ಹೋಯಿತು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದನ್ನು ನನಗೆ ಕಟ್ಟಿಕೊಡುವುದಿಲ್ಲ. ಪೆಟ್ಟಿಗೆ, ಅಡಾಪ್ಟರ್, ಬಿಲ್ಲು ಜೋಪಾನವಾಗಿಟ್ಟು ಮೂರು ವರ್ಷದ ಮೇಲೆ ಮಾರಿದರೆ 48,000 ಬರುವ ಅಂದಾಜು ನನ್ನದು. ಉಳಿದ 19,500ನ್ನು ಮೂವತ್ತಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ 542. ಇಎಂಐನಲ್ಲಿ ಕೊಂಡಿದ್ದರೆ ಅದೇ 706 ಆಗುತ್ತಿತ್ತು. ಹೊಸದೇ ಬೇಕೆಂಬ ಹಟವಿಲ್ಲದವರು ಸೆಕೆಂಡ್ ಹ್ಯಾಂಡ್ ಕೊಂಡರೆ ಇದರ ಅರ್ಧಕ್ಕೂ ಇಳಿಯಬಹುದು. ಸ್ಟ್ಯಾಂಡು, ಕೇಬಲ್ಲು, ಆಡಿಯೊ ಇಂಟರ್ಫೇಸು ಮಾತ್ರ ಮಾರಿದಾಗ ಕೈಗೆ ಹೆಚ್ಚೇನೂ ತರುವುದಿಲ್ಲ. ಕೇಬಲ್ಲಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಬ್ರ್ಯಾಂಡ್ ನೋಡಬೇಡಿ.

ಒಂದು ಪೈಸೆಯೂ ಬೇಡದ ದಾರಿ ಇದೆ, ತಂತ್ರಾಂಶದ ಸಿಂಥ್. ಸರ್ಜ್ ಎಕ್ಸ್‌ಟಿ, ವೈಟಲ್, ವಿಸಿವಿ ರ‍್ಯಾಕ್. ಇರುವ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ಸರ್ಜ್ ಮೊದಲು ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶವಾಗಿತ್ತು, 2018ರಲ್ಲಿ ಅದರ ಕೋಡನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಹಾಗಿದ್ದೂ ಗುಬ್ಬಿಗಳಿರುವ ಯಂತ್ರ ಕೊಂಡೆನಲ್ಲ ಎಂದರೆ, ಹೌದು, ಕೊಂಡೆ. ದಿನವಿಡೀ ಎಕ್ಸೆಲ್ ನೋಡಿದ ಕಣ್ಣಿಗೆ ರಾತ್ರಿ ಇನ್ನೊಂದು ಪರದೆ ಬೇಡವಾಗಿತ್ತು. ಅದರ ಬೆಲೆ ತಿಂಗಳಿಗೆ 542.

ಇನ್ನು ಕೆಲವರು ಖರ್ಚಿಗೆ ಹೂಡಿಕೆಯ ಹೆಸರಿಡುತ್ತಾರೆ. "ವಿಂಟೇಜ್ ಸಿಂಥ್ ಬೆಲೆ ಏರುತ್ತಲೇ ಇರುತ್ತದೆ." ಮಿನಿಮೂಗ್ 1970ರಲ್ಲಿ ಬಂದಾಗ ಬೆಲೆ 1,495 ಡಾಲರ್. ಅಮೆರಿಕದ ಹಣದುಬ್ಬರ ಹಿಡಿದರೆ 2022ಕ್ಕೆ ಅದು ಹನ್ನೊಂದು ಸಾವಿರ ದಾಟಬೇಕು. ಅದನ್ನೇ 2022ರಲ್ಲಿ ಮರಳಿ ತಯಾರಿಸಿ ಮಾರಿದಾಗ ಬೆಲೆ 4,999. ಅದರ ನಕಲನ್ನು ಬೆರಿಂಗರ್ ಕಂಪನಿ ಕೆಲವೇ ನೂರು ಡಾಲರಿಗೆ ಮಾರುತ್ತಿದೆ. ಇದಕ್ಕೆ ಉತ್ತರವಾಗಿ ತಪ್ಪದೆ ರೋಲ್ಯಾಂಡ್ ಟಿಬಿ-303 ಎದುರು ಬರುತ್ತದೆ. 1981ರಲ್ಲಿ 395 ಡಾಲರಿಗೆ ಬಂದ ಯಂತ್ರ, ಈಗ ಸಾವಿರಾರು ಡಾಲರ್. ನಿಜ. ಗಿಟಾರ್ ನುಡಿಸುವವರಿಗೆ ಬೇಸ್ ವಾದಕನ ಬದಲಿಯಾಗಲಿ ಅಂತ ಮಾಡಿದ್ದು, ಯಾರಿಗೂ ಹಿಡಿಸದೆ 1984ರಲ್ಲಿ ನಿಂತೇ ಹೋಯಿತು. ಅಗ್ಗಕ್ಕೆ ಬಿಕರಿಯಾಗುತ್ತಿದ್ದದ್ದನ್ನು ಶಿಕಾಗೋದ ಹುಡುಗರು ಎತ್ತಿಕೊಂಡು ಗುಬ್ಬಿ ತಿರುವುತ್ತಾ ಕೂತರು, 1987ರ ಹೊತ್ತಿಗೆ ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತ ಹುಟ್ಟಿತು. ಆ ವರ್ಷಗಳಲ್ಲಿ ಬಂದು ಕಸದ ಬುಟ್ಟಿ ಸೇರಿದ ಉಳಿದ ಯಂತ್ರಗಳ ಹೆಸರು ಯಾರಾದರೂ ಹೇಳುತ್ತಾರೆಯೇ? ಲಾಟರಿ ಗೆದ್ದವನ ಫೋಟೊ ಮಾತ್ರ ಪೇಪರಿನಲ್ಲಿ ಬರುತ್ತದೆ.

ಶಿಕಾಗೋಗಿಂತ ಮೊದಲೇ ಅದೇ 303ನ್ನು ನಮ್ಮವರೊಬ್ಬರು ದುಡಿಸಿದ್ದರು. ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಸಿಂಗಪುರದಲ್ಲಿ ಕೊಂಡ ರೋಲ್ಯಾಂಡಿನ ಈ ಯಂತ್ರ, ಟಿಆರ್-808 ಡ್ರಮ್ ಯಂತ್ರ, ಜುಪಿಟರ್-8 ಸಿಂಥ್ ಇಟ್ಟುಕೊಂಡು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. ರೆಕಾರ್ಡು ಓಡಲಿಲ್ಲ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತು ತಿರುಗಿ ನೋಡಿತು. ಅವರ ಮಟ್ಟಿಗೆ ಅವು ಕಸುಬಿನ ಸಾಮಾನು. ಮುಂದೊಂದು ದಿನ ಬೆಲೆ ಏರುತ್ತದೆಂದು ಪ್ಲಾಸ್ಟಿಕ್ ಸುತ್ತಿಟ್ಟವರು ಇಂಥದ್ದನ್ನು ಮಾಡುವುದಿಲ್ಲ.

ನಮ್ಮೂರಿನದೇ ನೋಡಿ. ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ಶುರುಮಾಡಿದ ರಾಡೆಲ್‌ನ ಎಲೆಕ್ಟ್ರಾನಿಕ್ ತಂಬೂರಿ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಶ್ರುತಿ ಹಿಡಿದು ಕೂರುತ್ತದೆ. ವರ್ಷಗಟ್ಟಲೆ ದಿನಾ ನಡೆಯುವ ಆ ಪೆಟ್ಟಿಗೆಗೆ ಗಂಟೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ಪೈಸೆಯಲ್ಲಿ ಹೇಳಬೇಕು. ಸಿಂಥ್ ಮಂದಿ ಇದನ್ನು ಕಲಿಯಬೇಕು. ಒಂದು ಯಂತ್ರದ ಮ್ಯಾನ್ಯುವಲ್ ಓದಿ ಮುಗಿಸುವ ಮೊದಲೇ ಇನ್ನೊಂದರ ವಿಡಿಯೊ ನೋಡುವುದು, ಎಂಟು ಮಾತ್ರೆಯ ಲೂಪು ನೂರು ಮಾಡಿಟ್ಟು ಒಂದು ಹಾಡೂ ಮುಗಿಸದಿರುವುದು, ಆಮೇಲೆ "ನನ್ನ ಸೌಂಡಿನಲ್ಲಿ ಏನೋ ಕಡಿಮೆ" ಎಂದು ರಿವರ್ಬ್ ಹುಡುಕುವುದು. ಕಡಿಮೆಯಿರುವುದು ಕೂತು ನುಡಿಸುವ ಹೊತ್ತು, ಮಕ್ಕಳೇ.

ಅಕ್ಕನ ಮಗ ಬಿಡಿ ಮಾಡ್ಯೂಲು ಜೋಡಿಸಿ ಸಿಂಥ್ ಕಟ್ಟುವ ಯೂರೋರ‍್ಯಾಕಿಗೆ ಬಿದ್ದಿದ್ದಾನೆ. 84 ಎಚ್‌ಪಿ ಅಗಲದ ಕೇಸು ಕೊಂಡವನಿಗೆ ಅದರಲ್ಲಿ ಉಳಿದ ಖಾಲಿ ಜಾಗ ಕಂಡಾಗಲೆಲ್ಲ ಹಸಿವು. ಒಂದೊಂದೇ ಮಾಡ್ಯೂಲು ಸೇರಿಸುತ್ತಾ ಹೋದ, ಎಲ್ಲವೂ ನೋ ಕಾಸ್ಟ್, ಎರಡು ಸಾಲ ಏಕಕಾಲಕ್ಕೆ ನಡೆಯುತ್ತಿವೆ. ಈ ಅಂಕಣದ ಲೆಕ್ಕ ತೋರಿಸಿದ ಮೇಲೆ ಎರಡು ಮಾಡ್ಯೂಲು ಮಾರಿ ಬಂದ. "ಚಿಕ್ಕಮ್ಮ, ಎರಡೂ ಸಾಲ ಫೋರ್‌ಕ್ಲೋಸ್ ಮಾಡಿಬಿಡ್ಲಾ?"

ಮೊದಲನೆಯದರಲ್ಲಿ ಅಸಲು 31,000, ಕಂತು ಎಂಟು ಬಾಕಿ. ಮುಚ್ಚಲು ಬ್ಯಾಂಕಿನ ಶುಲ್ಕ ಶೇ 3, ಜಿಎಸ್‌ಟಿ ಸೇರಿ 3.54, ಅಂದರೆ 1,097. ಮುಚ್ಚದಿದ್ದರೆ ಕಟ್ಟಬೇಕಾದ ಬಡ್ಡಿ ಮತ್ತು ಅದರ ತೆರಿಗೆ ಸುಮಾರು 2,200. ಮುಚ್ಚು ಅಂದೆ, 1,100 ಉಳಿಯಿತು. ಎರಡನೆಯದಕ್ಕೆ ಮೂರೇ ಕಂತು ಬಾಕಿ. ಬಾಕಿ ಕಂತಿಗೆ ಒಂದು ಸೇರಿಸಿ, ಅರ್ಧ ಮಾಡಿ, 1.33ರಿಂದ ಗುಣಿಸಿದರೆ ಬಡ್ಡಿ ಶೇ 2.67. ತೆರಿಗೆ ಸೇರಿ 3.15. ಶುಲ್ಕವೇ 3.54. ಅದನ್ನು ಮುಚ್ಚಬೇಡ, ಹಾಗೇ ಕಟ್ಟಿಕೊಂಡು ಹೋಗು ಅಂದೆ. ನಾಲ್ಕು ಕಂತು ಉಳಿದಿದ್ದರೆ ಬಡ್ಡಿ, ತೆರಿಗೆ ಸೇರಿ 3.93 ಆಗಿ ಮಾತು ಬೇರೆಯಾಗುತ್ತಿತ್ತು.