ಮಲ್ಟಿಪಲ್ ಸ್ಕ್ಲೆರೋಸಿಸ್: ಲಕ್ಷಣ ಇಳಿದರೂ ರೋಗ ಹೋಗಿರುವುದಿಲ್ಲ

ಒಂದು ಕಣ್ಣು ಮಂಜಾಗುತ್ತದೆ, ಕಣ್ಣು ಹೊರಳಿಸಿದರೆ ಒಳಗೆ ನೋವು. ಕನ್ನಡಕದ ನಂಬರ್ ನೋಡಿದರೆ ಏನೂ ಬದಲಾಗಿಲ್ಲ. ಒಂದೂವರೆ ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ವರ್ಷ ಕಳೆದ ಮೇಲೆ ಸೊಂಟದಿಂದ ಕೆಳಗೆ ಜೋಮು ಹಿಡಿದಂತಾಗಿ, ಕಾಲಿನಿಂದ ಚಪ್ಪಲಿ ಜಾರಿದರೂ ಗೊತ್ತಾಗುವುದಿಲ್ಲ. ಅದೂ ಕೆಲವು ವಾರಗಳಲ್ಲಿ ಇಳಿಯುತ್ತದೆ. ಎರಡಕ್ಕೂ ಸಂಬಂಧವಿರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಗಳಾದರೆ ಕೆಲಸಕ್ಕೆ ಸೋಮಾರಿತನ ಎಂಬ ಮಾತು ಬೇರೆ. ದೃಷ್ಟಿ ತಾಗಿದೆ ಎಂದು ನೀರು ಮಂತ್ರಿಸಿ ತರುವವರೂ ಇದ್ದಾರೆ.

ಇಂತಹ ವಿವರ ಕೇಳಿದ ಯಾವುದೇ ವೈದ್ಯರು ನೆನಪಿಗೆ ತಂದುಕೊಳ್ಳಬೇಕಾದ ರೋಗ ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ವಿದ್ಯುತ್ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಶರೀರವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರದಲ್ಲಿರುವ ಈ ಹೊದಿಕೆಯ ಮೇಲೆ ಎರಗುತ್ತದೆ. ಹೊದಿಕೆ ಹರಿದಲ್ಲಿ ಸಂದೇಶ ನಿಧಾನವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಯಾವ ಜಾಗ ಕೆಟ್ಟಿತೋ ಅದಕ್ಕೆ ತಕ್ಕ ಲಕ್ಷಣ: ದೃಷ್ಟಿ ಮಂಕು, ಒಂದು ವಸ್ತು ಎರಡಾಗಿ ಕಾಣುವುದು, ಕಾಲಿನ ಬಲಹೀನತೆ, ತೂರಾಡುವ ನಡಿಗೆ, ಮೂತ್ರ ತಡೆಯಲಾಗದಿರುವುದು, ನಿದ್ದೆ ಮಾಡಿದರೂ ಹೋಗದ ಆಯಾಸ. ಸುಜೂದ್‌ಗೆ ತಲೆ ಬಗ್ಗಿಸಿದಾಗ ಕತ್ತಿನಿಂದ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದಂತಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದನ್ನು ಕತ್ತಿನ ಸವೆತ ಎಂದು ತಳ್ಳಿಹಾಕಬೇಡಿ.

ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅಂಟುರೋಗವಲ್ಲ. ತಾಯಿಗೆ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಎರಡು ಮೂರು ಮಾತ್ರ. ಸಂಬಂಧ ಮುರಿಯಲು ಇದು ಕಾರಣವಾಗಬಾರದು.

ನಮ್ಮ ಯುನಾನಿ ಗ್ರಂಥಗಳಲ್ಲಿ ಫಾಲಿಜ್ ಇದೆ, ಇಸ್ತಿರ್ಖಾ ಇದೆ, ಜೋಮಿಗೆ ಖದರ್ ಎಂಬ ಹೆಸರಿದೆ. ಇವೆಲ್ಲ ಲಕ್ಷಣಗಳು. ಬೇರೆ ಬೇರೆ ಕಾಲದಲ್ಲಿ ಬರುವ ಈ ಲಕ್ಷಣಗಳು ಒಂದೇ ರೋಗದವು ಎಂದು ಸ್ಪಷ್ಟವಾಗಿ ತೋರಿಸಿಕೊಟ್ಟವರು ಪ್ಯಾರಿಸ್‌ನ ವೈದ್ಯ ಶಾರ್ಕೋ, 1868ರಲ್ಲಿ. ನಾಡಿ ಹಿಡಿದು ಇದನ್ನು ಪತ್ತೆಮಾಡಲು ಬರುವುದಿಲ್ಲ ಎಂದು ಯುನಾನಿ ಓದಿದವನಾಗಿಯೇ ಹೇಳುತ್ತೇನೆ.

ಈ ರೋಗದ ಮೋಸ ಇರುವುದು ಅದು ಇಳಿಯುವ ರೀತಿಯಲ್ಲಿ. ಉರಿಯೂತ ತಗ್ಗುತ್ತದೆ, ಶರೀರ ಹೊದಿಕೆಯನ್ನು ಅಷ್ಟಿಷ್ಟು ತೇಪೆ ಹಾಕುತ್ತದೆ, ಲಕ್ಷಣ ಮಾಯವಾಗುತ್ತದೆ. ಆ ವಾರ ಯಾವ ಮಾಜೂನ್ ತಿಂದಿದ್ದರೋ, ಯಾವ ವಿಟಮಿನ್ ಸೂಜಿ ಹಾಕಿಸಿದ್ದರೋ ಅದಕ್ಕೆ ಹೆಸರು ಬರುತ್ತದೆ. ಆದರೆ ಪ್ರತಿ ದಾಳಿಯಲ್ಲೂ ಕೆಲವು ತಂತುಗಳು ಒಳಗೇ ತುಂಡಾಗಿರುತ್ತವೆ, ಅವು ಮತ್ತೆ ಕೂಡುವುದಿಲ್ಲ. ನಾಲ್ಕೈದು ಸಲ ಹೀಗೆ 'ಗುಣವಾದ' ಮೇಲೆ ಕೋಲು ಹಿಡಿದು ಬರುವವರನ್ನು ನೋಡಿದಾಗ ಸಂಕಟವಾಗುತ್ತದೆ. ಈಗಿನ ಔಷಧಿಗಳು ಮುಂದಿನ ದಾಳಿಯನ್ನು ತಡೆಯುತ್ತವೆ, ಆಗಿಹೋದ ನಷ್ಟವನ್ನು ತುಂಬಿಕೊಡುವುದಿಲ್ಲ.

ಕಾಲು ಮಡಚಿ ಕುಳಿತಾಗ ಬರುವ ಐದು ನಿಮಿಷದ ಜೋಮಿಗೆ ಹೆದರಬೇಕಿಲ್ಲ. ಜ್ವರವಿಲ್ಲದೆ 24 ಗಂಟೆಗಿಂತ ಹೆಚ್ಚು ನಿಂತರೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೆ ಒಮ್ಮೆಲೇ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಬದಿ ಬಿದ್ದುಹೋದರೆ ಕಾಯುವುದೇ ಬೇಡ. ಅದು ಪಾರ್ಶ್ವವಾಯು ಇರಬಹುದು, ನೇರ ಆಸ್ಪತ್ರೆಗೆ ಹೋಗಿ.

ಹೋಗಬೇಕಾದದ್ದು ನರರೋಗ ತಜ್ಞರಲ್ಲಿಗೆ, ಅಂದರೆ ನ್ಯೂರಾಲಜಿಸ್ಟ್. ಮೂಳೆ ವೈದ್ಯರಲ್ಲಿಗಲ್ಲ. ಮೆದುಳು ಮತ್ತು ಬೆನ್ನುಹುರಿಯ ಎಂ.ಆರ್.ಐ. ಮುಖ್ಯ ಪರೀಕ್ಷೆ. ಕೆಲವರಿಗೆ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತದೆ. ಅದರಿಂದ ಕಾಲು ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ತಜ್ಞರೇ ಏಕೆ ಬೇಕೆಂದರೆ ಎಂ.ಎಸ್. ತರಹವೇ ಕಾಣುವ ಎನ್.ಎಂ.ಒ. ಎಂಬ ಇನ್ನೊಂದು ರೋಗ ನಮ್ಮಲ್ಲಿದೆ. ಅದನ್ನು ಗುರುತಿಸಲು ಅಕ್ವಾಪೋರಿನ್-4 ಎಂಬ ರಕ್ತಪರೀಕ್ಷೆ ಇದೆ. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್ ಆ ರೋಗವನ್ನು ಇನ್ನಷ್ಟು ಕೆರಳಿಸುತ್ತದೆ.

ದಾಳಿಯ ಸಮಯದಲ್ಲಿ ಮೂರರಿಂದ ಐದು ದಿನ ಸ್ಟಿರಾಯ್ಡ್ ಡ್ರಿಪ್ ಕೊಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ತಿಳಿಸಬೇಕು. ಮುಂದಿನ ದಾಳಿ ತಡೆಯುವ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ. ಈಗ ಮಾತ್ರೆಗಳೂ ಇವೆ, ತಿಂಗಳುಗಟ್ಟಲೆ ಅಂತರದಲ್ಲಿ ಹಾಕುವ ಡ್ರಿಪ್‌ಗಳೂ ಇವೆ. ದುಬಾರಿ ನಿಜ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವಾಗ ಬಿಪಿಎಲ್ ಕಾರ್ಡ್ ಒಯ್ಯಿರಿ. ರಿಯಾಯಿತಿ ಕೇಳಲು ನಾಚಿಕೆ ಬೇಡ. 1985ರಿಂದ ಇರುವ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆಯೂ ಬೆಂಗಳೂರಿನಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಎಂ.ಎಸ್. ಸೇರಿದೆ. ಆದ್ದರಿಂದ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು.

ಹಾಗಾದರೆ ನಮ್ಮ ಔಷಧಿ? ಬಿಗಿದ ಕಾಲಿಗೆ ಉಗುರುಬೆಚ್ಚಗಿನ ರೋಗನ್ ಹಚ್ಚಿ ಮೃದುವಾಗಿ ತಿಕ್ಕುವುದಕ್ಕೆ, ಮಲಬದ್ಧತೆಗೆ ಆಹಾರ ಹೊಂದಿಸುವುದಕ್ಕೆ ಅಡ್ಡಿಯಿಲ್ಲ. ಬಿಸಿ ಶಾಖ, ಹಮಾಮ್ ಮಾತ್ರ ಬೇಡ. ಮೈ ಬಿಸಿಯಾದರೆ ಹಳೆಯ ಲಕ್ಷಣ ಸ್ವಲ್ಪ ಹೊತ್ತು ಮರಳುತ್ತದೆ, ಬಿಸಿನೀರಿನಲ್ಲಿ ಮಿಂದು ಏಳುವಾಗ ಕಣ್ಣು ಮಂಜಾಗಿ ಬಿದ್ದವರಿದ್ದಾರೆ. ರೋಗನಿರೋಧಕ ಶಕ್ತಿಯನ್ನು 'ಹೆಚ್ಚಿಸುವ' ಪುಡಿಗಳೂ ಬೇಡ, ಇಲ್ಲಿ ತೊಂದರೆ ಕೊಡುತ್ತಿರುವುದೇ ಆ ಶಕ್ತಿ. ತಜ್ಞರ ಔಷಧಿಯಿಂದ ನಿರೋಧಕ ಶಕ್ತಿ ತಗ್ಗಿರುವಾಗ ಹಿಜಾಮಾದ ಗಾಯಕ್ಕೆ ಸೋಂಕು ತಗಲಬಹುದು. ಕುಶ್ತಾ ಸೇವಿಸುತ್ತಿದ್ದರೆ ನ್ಯೂರಾಲಜಿಸ್ಟ್‌ಗೆ ಮುಚ್ಚಿಡಬೇಡಿ. ಈ ಔಷಧಿಗಳಲ್ಲಿ ಕೆಲವಕ್ಕೆ ಯಕೃತ್ತಿನ ಮೇಲೆ ಕಣ್ಣಿಡಬೇಕಾಗುತ್ತದೆ.

ರಮಝಾನ್ ಬಂದಾಗ ಪ್ರಶ್ನೆ ಏಳುತ್ತದೆ. ಕಾಯಿಲೆಯವರಿಗೆ ವಿನಾಯಿತಿ ಕುರ್‌ಆನ್‌ನಲ್ಲೇ ಇದೆ. ದಾಳಿಯ ನಡುವೆ, ಸ್ಟಿರಾಯ್ಡ್ ನಡೆಯುವಾಗ ಉಪವಾಸ ಹಿಡಿಯಬೇಡಿ. ಸ್ಥಿರವಾಗಿರುವವರು ಮಾತ್ರೆಯ ಸಮಯವನ್ನು ತಜ್ಞರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ನಿಲ್ಲಲಾಗದವರು ಕುರ್ಚಿಯಲ್ಲಿ ನಮಾಝ್ ಮಾಡಿದರೆ ಹಿಂದೆ ನಿಂತವರು ಪಿಸುಗುಟ್ಟಬೇಕಿಲ್ಲ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವುದೇ ಈ ರೋಗಿಗಳ ಕಷ್ಟ.

ತಾಯಿಯಾಗಲು ಅಡ್ಡಿಯಿಲ್ಲ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ದಾಳಿಗಳು ಕಡಿಮೆಯಾಗುತ್ತವೆ, ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಹೆಚ್ಚುತ್ತವೆ. ಬಾಣಂತನದಲ್ಲಿ ಬಿಸಿನೀರಿನ ಸ್ನಾನಕ್ಕೆ ಅಜ್ಜಿಯಂದಿರು ಒತ್ತಾಯಿಸುವುದೂ ಆಗಲೇ. ಟೆರಿಫ್ಲುನೊಮೈಡ್, ಫಿಂಗೋಲಿಮೋಡ್‌ನಂತಹ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು, ಹಾಗೆಂದು ತಾವೇ ನಿಲ್ಲಿಸಿದರೆ ರೋಗ ಕೆರಳಬಹುದು. ಆದ್ದರಿಂದ ಮಗು ಬೇಕೆಂದು ತೀರ್ಮಾನಿಸುವ ಮೊದಲೇ ಗಂಡ ಹೆಂಡತಿ ಇಬ್ಬರೂ ಹಳೆಯ ಎಂ.ಆರ್.ಐ. ಫಿಲ್ಮ್‌ಗಳನ್ನು ಹಿಡಿದು ತಜ್ಞರ ಮುಂದೆ ಕುಳಿತುಕೊಳ್ಳಿ.