ಹೊಟ್ಟೆಗೆ ಆಪರೇಷನ್, ಮುನಿದದ್ದು ನಾಲಿಗೆ!

ಪ್ರಶ್ನೆ: ನನಗೆ 43 ವರ್ಷ, ಮಂಡ್ಯದ ಕಡೆಯವಳು. ಐದು ತಿಂಗಳ ಹಿಂದೆ ತೂಕ ಇಳಿಸಲು ಸ್ಲೀವ್ ಆಪರೇಷನ್ ಆಯಿತು. ತೂಕವೇನೋ ಇಳಿಯುತ್ತಿದೆ. ಆದರೆ ಮೊದಲು ಇಷ್ಟಪಟ್ಟು ಕುಡಿಯುತ್ತಿದ್ದ ಕಾಫಿ ಈಗ ಪಾಯಸದಷ್ಟು ಸಿಹಿ ಅನಿಸುತ್ತದೆ. ಕೋಳಿ ಸಾರು ಕುದಿಯುವ ವಾಸನೆಗೇ ಹೊಟ್ಟೆ ತೊಳಸುತ್ತದೆ. ಮುದ್ದೆ ಎದೆಯಲ್ಲೇ ನಿಂತ ಹಾಗಾಗುತ್ತದೆ. ‘ಡಾಕ್ಟ್ರು ಹೊಟ್ಟೆ ಜೊತೆ ನಿನ್ನ ನಾಲ್ಗೆ ರುಚಿನೂ ಕೊಯ್ದವ್ರೆ’ ಅಂತಾರೆ ಅತ್ತೆ. ಇದು ಸರಿಹೋಗುತ್ತದೆಯೇ ಡಾಕ್ಟ್ರೇ?

ಉತ್ತರ: ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ನಾಲಿಗೆಯನ್ನು ಯಾರೂ ಮುಟ್ಟಿಲ್ಲ, ನಿಜ. ಆದರೆ ಈ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲನ್ನು ತೆಗೆಯುತ್ತಾರೆ. ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಅದರ ಜೊತೆಗೇ ಹೋಗುತ್ತದೆ. ಉಳಿದ ಕಿರಿದಾದ ಜಠರದಿಂದ ಆಹಾರ ಬೇಗ ಕರುಳಿಗೆ ಇಳಿಯುವುದರಿಂದ ‘ಸಾಕು’ ಅನಿಸುವ ಜಿಎಲ್‌ಪಿ-1ನಂಥ ಹಾರ್ಮೋನುಗಳು ಊಟವಾದ ಮೇಲೆ ಹೆಚ್ಚುತ್ತವೆ. ತಿನ್ನುವ ಆಸೆ ಹುಟ್ಟುವುದು ಮಿದುಳಿನಲ್ಲಿ. ಈ ಹಾರ್ಮೋನುಗಳು ಹೋಗಿ ಮಾತಾಡುವುದೂ ಅಲ್ಲೇ. ಸಿಹಿ ಅತಿಯಾಗುವುದು, ಮಾಂಸದ ವಾಸನೆ ಹಿಡಿಸದಿರುವುದು ಈ ಶಸ್ತ್ರಚಿಕಿತ್ಸೆ ಆದವರಲ್ಲಿ ಸಾಮಾನ್ಯ. ತಿಂಗಳುಗಳು ಕಳೆದಂತೆ ಬಹಳಷ್ಟು ಮಂದಿಯಲ್ಲಿ ಇದು ತಗ್ಗುತ್ತದೆ.

ಸಿಹಿ ಬೇಡವಾಗಿದ್ದರೆ ದಯವಿಟ್ಟು ಅದನ್ನು ಸರಿಮಾಡಲು ಹೋಗಬೇಡಿ! ಸಕ್ಕರೆಯಿಲ್ಲದ ಕಾಫಿ ಅಭ್ಯಾಸವಾಗಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು.

ನನಗೆ ಚಿಂತೆ ಇರುವುದು ಕೋಳಿ ಬಿಟ್ಟಿದ್ದರ ಬಗ್ಗೆ. ನಿಮಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಅದು ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಕೂದಲೂ ಉದುರುತ್ತದೆ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ ಅಷ್ಟೇ. ಮೊಟ್ಟೆ, ಪನೀರ್, ಗಟ್ಟಿ ಮೊಸರು, ಮೆತ್ತಗೆ ಬೆಂದ ಕಾಳು, ಮೀನು, ಇವುಗಳಲ್ಲಿ ಯಾವುದು ಹಿಡಿಸುತ್ತದೋ ನೋಡಿ. ಸಾಲದಿದ್ದರೆ ನಿಮ್ಮ ಆಹಾರತಜ್ಞರು ಹೇಳಿದ ಪ್ರೋಟೀನ್ ಪುಡಿ. ಬಿಸಿ ಆರಿದರೆ ವಾಸನೆ ತಗ್ಗುತ್ತದೆ. ಒಗ್ಗರಣೆ ಹಾಕುವ ಕೆಲಸವನ್ನು ಕೆಲವು ದಿನ ಬೇರೆಯವರಿಗೆ ಬಿಡಿ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಉಳಿದ ಜಾಗಕ್ಕೆ ಅನ್ನ.

ಇನ್ನು ಮುದ್ದೆ. ಅಗಿಯದೆ ನುಂಗುವುದು ನಮ್ಮವರ ಹೆಮ್ಮೆ, ನಿಮ್ಮ ಹೊಸ ಜಠರಕ್ಕೆ ಆ ಹೆಮ್ಮೆ ಇಲ್ಲ. ಸದ್ಯಕ್ಕೆ ರಾಗಿ ಅಂಬಲಿ ಸಾಕು. ಉಳಿದದ್ದನ್ನು ನುಣ್ಣಗಾಗುವವರೆಗೆ ಅಗಿಯಿರಿ. ನೀರನ್ನು ಊಟದ ಜೊತೆ ಕುಡಿಯಬೇಡಿ, ಊಟವಾಗಿ ಅರ್ಧ ಗಂಟೆ ಬಿಡಿ.

ಎಲ್ಲವನ್ನೂ ‘ರುಚಿ ಬದಲಾಗಿದೆ’ ಎಂಬ ಲೆಕ್ಕಕ್ಕೆ ಹಾಕಬಾರದು. ಯಾವ ರುಚಿಯೂ ತಿಳಿಯದಿದ್ದರೆ ಸತುವಿನ ಕೊರತೆ ಇರಬಹುದು. ಮಣ್ಣು ಅಥವಾ ಐಸ್ ತಿನ್ನಬೇಕೆನಿಸಿದರೆ ಕಬ್ಬಿಣದ ಕೊರತೆಯನ್ನು ಅನುಮಾನಿಸಬೇಕು. ರಕ್ತ ಪರೀಕ್ಷೆ ಮಾಡಿಸಿ. ಸತುವಿನ ಮಾತ್ರೆಯನ್ನು ನೀವೇ ತಂದು ನುಂಗಬೇಡಿ, ಅತಿಯಾದರೆ ತಾಮ್ರದ ಕೊರತೆಯಾಗುತ್ತದೆ. ವಾಂತಿ ನಿಲ್ಲದೇ ಇದ್ದು, ಕಣ್ಣಿಗೆ ಎರಡೆರಡು ಕಂಡರೆ ಅಥವಾ ನಡೆಯುವಾಗ ತೂರಾಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಬಿ1 ಜೀವಸತ್ವದ ಕೊರತೆಯಿಂದ ಆಗಿರಬಹುದು, ತಡಮಾಡಿದರೆ ಮಿದುಳಿಗೆ ಶಾಶ್ವತ ಹಾನಿ.

ಪ್ರಶ್ನೆ: ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಆಗಿ ಎರಡು ವರ್ಷ. ಸಿಹಿಯ ಆಸೆ ಮರಳಿದೆ. ಮೊನ್ನೆ ಮದುವೆಯಲ್ಲಿ ಎರಡು ಲಾಡು ತಿಂದೆ, ಕಾಲು ಗಂಟೆಗೆ ಬೆವರು, ಎದೆ ಡವಡವ, ಭೇದಿ. ಇದು ಹೃದಯದ ತೊಂದರೆಯೇ?

ಉತ್ತರ: ನೀವು ಹೇಳಿದ ರೀತಿ ನೋಡಿದರೆ ಡಂಪಿಂಗ್ ಇರಬೇಕು, ಸಕ್ಕರೆ ಒಮ್ಮೆಗೇ ಕರುಳಿಗೆ ನುಗ್ಗಿ ನೀರನ್ನು ಎಳೆದುಕೊಂಡಾಗ ಹೀಗಾಗುತ್ತದೆ. ಆದರೂ ಒಮ್ಮೆ ಇಸಿಜಿ ಮಾಡಿಸಿ. ಊಟವಾಗಿ ಒಂದರಿಂದ ಮೂರು ಗಂಟೆಯ ನಂತರ ನಡುಕ, ಮಂಪರು ಬಂದರೆ ಆಗಲೇ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ಮಟ್ಟ ನೋಡಿ ಬರೆದಿಡಿ, ಅದು ಇಳಿದಿರುವ ಸಾಧ್ಯತೆಯಿದೆ. ಮದುವೆ ಮನೆಯಲ್ಲಿ ಗುಂಡಿನ ಪಾರ್ಟಿಯೂ ಇದ್ದರೆ ದೂರವಿರಿ: ಬೈಪಾಸ್ ನಂತರ ಮದ್ಯ ಬೇಗ ಏರುತ್ತದೆ, ಚಟಕ್ಕೆ ತಿರುಗುವ ಅಪಾಯವೂ ಹೆಚ್ಚು.